ಮೂರನೇ ಮಹಡಿಗೆ ಹೊರಬಹುದಾದ ಬೇಸ್: ಆಂಪ್ ಮತ್ತು ಕ್ಯಾಬಿನೆಟ್ ಹುಡುಕಾಟದ ಟಿಪ್ಪಣಿಗಳು

ಫೆಬ್ರುವರಿ, ಮೊದಲ ವಾರ

ನಮ್ಮ ತಂಡದಲ್ಲಿ ಇಬ್ಬರು ಗಿಟಾರಿನವರು, ಒಬ್ಬ ಡ್ರಮ್ಮರ್, ಒಬ್ಬ ಗಾಯಕಿ ಮತ್ತು ಬೇಸ್ ಗಿಟಾರ್ ನುಡಿಸುವ ನಾನು. ಮನೆಯ ಅಭ್ಯಾಸಕ್ಕೆಂದು ಕೊಂಡಿದ್ದ 40 ವ್ಯಾಟ್‌ನ ಚಿಕ್ಕ ಕಾಂಬೊ ಆಂಪನ್ನೇ (ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವುದು) ನಾಲ್ಕು ವರ್ಷಗಳಿಂದ ಕಾರ್ಯಕ್ರಮಗಳಿಗೂ ಒಯ್ಯುತ್ತಿದ್ದೆ. ಕಳೆದ ಶನಿವಾರ ಕೋರಮಂಗಲದ ಪಬ್ಬೊಂದರಲ್ಲಿ ಮೂರನೇ ಹಾಡಿನ ಹೊತ್ತಿಗೆ ಅದರ ಹತ್ತು ಇಂಚಿನ ಸ್ಪೀಕರ್ ಹರಿದ ತಮಟೆಯಂತೆ ಪಟಪಟ ಎನ್ನತೊಡಗಿತು. ಡ್ರಮ್ಮಿನ ಪಕ್ಕದಲ್ಲಿ ನಿಂತಿದ್ದ ನನಗೆ ನನ್ನ ಸ್ವರವೇ ಕೇಳಿಸದೆ, ಎಲ್ಲಿ ನುಡಿಸುತ್ತಿದ್ದೇನೆಂಬುದನ್ನು ಫ್ರೆಟ್‌ಗಳ ನಡುವಿನ ಬಿಳಿಯ ಚುಕ್ಕೆಗಳನ್ನು ನೋಡಿಯೇ ತಿಳಿಯಬೇಕಾಯಿತು. ಹೊಸ ಸಜ್ಜನ್ನು ಕೊಳ್ಳಲೇಬೇಕೆಂದು ಅಂದೇ ನಿರ್ಧರಿಸಿದೆ.

ಷರತ್ತುಗಳನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ, ಏಕೆಂದರೆ ಅಂಗಡಿಯೊಳಗೆ ಕಾಲಿಟ್ಟ ಮೇಲೆ ಅವು ನೆನಪಿನಲ್ಲಿ ಉಳಿಯುವುದಿಲ್ಲ. ನಾನಿರುವುದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಇರುವುದು ಚಿಕ್ಕ ಕಾರು, ಅದರ ಹಿಂದಿನ ಸೀಟಿನಲ್ಲಿ ಡ್ರಮ್ಮರ್ ಕೂಡ ಕುಳಿತುಕೊಳ್ಳಬೇಕು. ಕೈಯಲ್ಲಿರುವ ಹಣ ಎಂಬತ್ತು ಸಾವಿರ ರೂಪಾಯಿ. ಐವತ್ತು ಜನರ ಪಬ್ಬಿನಿಂದ ಹಿಡಿದು ಬಯಲಿನ ಗಣೇಶೋತ್ಸವದವರೆಗೆ ಎಲ್ಲ ಕಡೆಗೂ ಒಂದೇ ಸಜ್ಜು ಸಾಲಬೇಕು.

ಫೆಬ್ರುವರಿ, ಮೂರನೇ ವಾರ

ಎಷ್ಟು ವ್ಯಾಟ್ ಬೇಕು ಎಂಬ ಪ್ರಶ್ನೆಯಿಂದ ಆರಂಭಿಸಿದ್ದು ತಪ್ಪಾಯಿತೆಂದು ಎರಡು ವಾರಗಳ ಲೆಕ್ಕಾಚಾರದ ನಂತರ ಅನಿಸುತ್ತಿದೆ. ನಾಲ್ಕು ತಂತಿಯ ಬೇಸಿನ ಕೆಳಗಿನ ಇ ತಂತಿಯನ್ನು ಒತ್ತದೆ ಬಿಟ್ಟು ನುಡಿಸಿದರೆ ಅದು ಸೆಕೆಂಡಿಗೆ 41.2 ಬಾರಿ ಕಂಪಿಸುತ್ತದೆ, ಅಂದರೆ 41.2 ಹರ್ಟ್ಸ್. ಐದು ತಂತಿಯ ಬೇಸಿನ ಬಿ ತಂತಿ 30.9 ಹರ್ಟ್ಸ್‌ಗೆ ಇಳಿಯುತ್ತದೆ. ಗಿಟಾರಿನ ಇ ತಂತಿ ಇರುವುದು ಒಂದು ಸ್ಥಾಯಿ ಮೇಲೆ, 82.4 ಹರ್ಟ್ಸ್‌ನಲ್ಲಿ. ಒಂದೇ ಸ್ಪೀಕರಿನಿಂದ ಅಷ್ಟೇ ಸದ್ದನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕಾದರೆ ಅದರ ಕೋನ್, ಅಂದರೆ ಗಾಳಿಯನ್ನು ತಳ್ಳುವ ಶಂಕುವಿನಾಕಾರದ ಹಾಳೆ, ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಚಲಿಸಬೇಕು. ನನ್ನ ಹಳೆಯ ಕಾಂಬೊ ಪಟಪಟ ಎಂದದ್ದು ಇದೇ ಕಾರಣಕ್ಕೆ: ವಿದ್ಯುತ್ ಸಾಲದೆ ಸೋಲುವುದಕ್ಕೆ ಮೊದಲೇ ಅದರ ಕೋನ್‌ಗೆ ಚಲಿಸಲು ಜಾಗ ಮುಗಿದುಹೋಗಿತ್ತು.

ವ್ಯಾಟ್‌ಗಳ ಲೆಕ್ಕವೂ ಮೋಸಗಾರ ಲೆಕ್ಕವೇ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸಿಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ಸದ್ದು ಎರಡು ಪಟ್ಟು ಎನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಆದರೆ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 94 ಡೆಸಿಬಲ್ ಕೊಡುವ ಕ್ಯಾಬಿನೆಟ್ಟಿನ (ಸ್ಪೀಕರ್ ಪೆಟ್ಟಿಗೆಯ) ಬದಲು 97 ಡೆಸಿಬಲ್ ಕೊಡುವುದನ್ನು ಆರಿಸಿಕೊಂಡರೆ, ಆಂಪನ್ನು ಮುಟ್ಟದೆಯೇ ಶಕ್ತಿ ಇಮ್ಮಡಿಯಾದಷ್ಟು ಲಾಭವಾಗುತ್ತದೆ. ವಿವರಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಈ ಅಂಕಿಯನ್ನು ನಾನು ಈ ಹಿಂದೆ ಎಂದೂ ಓದಿರಲಿಲ್ಲ.

ಹಾಗಾದರೆ ಚಿಕ್ಕದಾದ, ಹೆಚ್ಚು ಸದ್ದು ಮಾಡುವ, ಆಳದ ಸ್ವರಗಳನ್ನೂ ಕೊಡುವ ಪೆಟ್ಟಿಗೆಯೊಂದನ್ನು ಕೊಂಡರಾಯಿತಲ್ಲ ಎಂದರೆ, ಅಂಥದ್ದನ್ನು ಯಾರೂ ಮಾಡಲಾರರು. ಅಮೆರಿಕದ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಹೆಸರಿನ ಕೊನೆಯ ಅಕ್ಷರಕ್ಕೆ ಕಾರಣನಾದ ಆಂಟನ್ ಹಾಫ್‌ಮನ್‌ನ ಹೆಸರಿನಲ್ಲಿ ಒಂದು ಸೂತ್ರವಿದೆ: ಚಿಕ್ಕ ಗಾತ್ರ, ಹೆಚ್ಚಿನ ದಕ್ಷತೆ (ಕಡಿಮೆ ವ್ಯಾಟ್‌ಗೆ ಹೆಚ್ಚು ಸದ್ದು), ಆಳದ ಸ್ವರ, ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಟ್ಟುಕೊಡಬೇಕು. ನನ್ನ ಮೆಟ್ಟಿಲುಗಳು ಚಿಕ್ಕ ಗಾತ್ರವನ್ನು ಆಗಲೇ ಆರಿಸಿಬಿಟ್ಟಿವೆ. ಡ್ರಮ್ಮರ್ ದಕ್ಷತೆಯನ್ನು ಆರಿಸಿದ್ದಾನೆ. ಉಳಿದದ್ದು ಆಳದ ಸ್ವರ.

ಅದನ್ನು ಬಿಟ್ಟುಕೊಡುವುದು ನಾನು ಹೆದರಿದಷ್ಟು ದೊಡ್ಡ ನಷ್ಟವಲ್ಲ ಎಂಬುದಕ್ಕೆ ಸಾಕ್ಷಿ ರಾಕ್ ಸಂಗೀತದ ಅತ್ಯಂತ ಪ್ರಸಿದ್ಧ ಬೇಸ್ ಕ್ಯಾಬಿನೆಟ್ಟೇ. ಆಂಪೆಗ್ ಕಂಪನಿ 1969ರಲ್ಲಿ ಹೊರತಂದ ಎಸ್‌ವಿಟಿ ಎಂಬ 300 ವ್ಯಾಟ್‌ನ, ಹದಿನಾಲ್ಕು ವಾಲ್ವುಗಳ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ಕೊಳವೆಗಳ) ಹೆಡ್ಡನ್ನು, ಅಂದರೆ ಸ್ಪೀಕರ್ ಇಲ್ಲದ ಬಿಡಿ ಆಂಪನ್ನು, ಅದೇ ವರ್ಷದ ಅಮೆರಿಕ ಪ್ರವಾಸದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಬಳಸಿತು. ಅದರ ಜೊತೆಗಾರನೆಂದೇ ಹೆಸರಾದ ಹತ್ತು ಇಂಚಿನ ಎಂಟು ಸ್ಪೀಕರುಗಳ ಮುಚ್ಚಿದ ಪೆಟ್ಟಿಗೆಯ ಇತ್ತೀಚಿನ ಮಾದರಿಯ ವಿವರಪಟ್ಟಿಯನ್ನು ನೋಡಿದರೆ, 58 ಹರ್ಟ್ಸ್‌ನಲ್ಲಿಯೇ ಅದರ ಸದ್ದು 3 ಡೆಸಿಬಲ್ ಇಳಿದಿರುತ್ತದೆ; 40 ಹರ್ಟ್ಸ್‌ಗೆ ಬರುವಾಗ 10 ಡೆಸಿಬಲ್. ಅಂದರೆ ಜನ ಎದೆಗೆ ಬಡಿಯುವ ಬೇಸ್ ಎಂದು ಕೊಂಡಾಡುವ ಸದ್ದಿನಲ್ಲಿ ಇ ತಂತಿಯ ಮೂಲ ಕಂಪನಕ್ಕಿಂತ ಅದರ ಮೇಲಿನ 82 ಮತ್ತು 124 ಹರ್ಟ್ಸ್‌ನ ಉಪಸ್ವರಗಳದ್ದೇ ದೊಡ್ಡ ಪಾಲು. ಆ ಪೆಟ್ಟಿಗೆಯ ತೂಕ ಸುಮಾರು 63 ಕಿಲೋ. ಅದನ್ನು ಹೊತ್ತು ನಮ್ಮ ಮೂರನೇ ಮಹಡಿಗೆ ಏರುವ ದೃಶ್ಯವನ್ನು ಊಹಿಸಿಕೊಂಡು, ಪಟ್ಟಿಯಿಂದ ಹೊಡೆದುಹಾಕಿದೆ.

ಮಾರ್ಚ್, ಎರಡನೇ ವಾರ

ನಾವು ಗಂಟೆಯ ಬಾಡಿಗೆಗೆ ಹಿಡಿಯುವ ಅಭ್ಯಾಸದ ಕೋಣೆಯಲ್ಲಿ ಹತ್ತು ಇಂಚಿನ ನಾಲ್ಕು ಸ್ಪೀಕರುಗಳ ಹಳೆಯ ಕ್ಯಾಬಿನೆಟ್ ಒಂದಿದೆ. ಅದರ ಎದುರಿಗೆ ನಿಂತಾಗ ಮಂದ, ಹತ್ತು ಹೆಜ್ಜೆ ಆಚೆ ಹೋದರೆ ಸ್ಪಷ್ಟ. ಈ ವಿಚಿತ್ರವನ್ನು ವರ್ಷಗಳಿಂದ ಕಂಡಿದ್ದರೂ ಕಾರಣ ಹುಡುಕಿರಲಿಲ್ಲ. ಇಂದು ಅದನ್ನು ಎರಡು ಪ್ಲಾಸ್ಟಿಕ್ ಕ್ರೇಟುಗಳ ಮೇಲೆ ಎತ್ತಿಟ್ಟು ನುಡಿಸಿದೆ. ಆಂಪಿನ ಯಾವ ತಿರುಗುಣಿಯನ್ನೂ ಮುಟ್ಟದಿದ್ದರೂ ಪ್ರತಿ ಸ್ವರದ ಆರಂಭದ ಟಕ್ ಎಂಬ ಸದ್ದು ಕೇಳಿಸತೊಡಗಿತು. ಆಳದ ಸ್ವರಗಳು ಎಲ್ಲ ದಿಕ್ಕಿಗೂ ಹರಡುತ್ತವೆ. ಬೆರಳಿನ ಮೊನಚನ್ನು ಹೇಳುವ ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುತ್ತವೆ. ನೆಲದ ಮೇಲಿಟ್ಟ ಕ್ಯಾಬಿನೆಟ್ ಇಷ್ಟು ದಿನ ನನ್ನ ಮೊಣಕಾಲುಗಳಿಗೆ ಸಂಗೀತ ಕೇಳಿಸುತ್ತಿತ್ತು.

ಇನ್ನೊಂದು ಸಂಗತಿ ಇದಕ್ಕೇ ಸೇರಿದ್ದು. ಎರಡು ಸ್ಪೀಕರುಗಳನ್ನು ಅಕ್ಕಪಕ್ಕ ಇಟ್ಟರೆ, ಬದಿಯಲ್ಲಿ ನಿಂತವನಿಗೆ ಒಂದರ ಸದ್ದು ಇನ್ನೊಂದಕ್ಕಿಂತ ತುಸು ತಡವಾಗಿ ತಲುಪಿ, ಕೆಲವು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಒಂದರ ಮೇಲೊಂದು ಇಟ್ಟರೆ ಈ ತೊಂದರೆ ಮೇಲೆ ಕೆಳಗಿನ ದಿಕ್ಕಿಗೆ ಹೋಗುತ್ತದೆ, ಅಲ್ಲಿ ಕೇಳುವವರು ಯಾರೂ ಇರುವುದಿಲ್ಲ. ಆದ್ದರಿಂದ ಒಂದೇ ದೊಡ್ಡ ಪೆಟ್ಟಿಗೆಗಿಂತ, ಕಂಬದಂತೆ ಪೇರಿಸಬಹುದಾದ ಎರಡು ಚಿಕ್ಕ ಪೆಟ್ಟಿಗೆಗಳೇ ನನಗೆ ತಕ್ಕವು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಎರಡು ಸಲ ಮೆಟ್ಟಿಲು ಹತ್ತಿಳಿದರಾಯಿತು.

ಏಪ್ರಿಲ್, ಕೊನೆಯ ವಾರ

ಹೆಡ್ಡಿನ ಆಯ್ಕೆ ಬೇಗ ಮುಗಿಯಿತು. ವಾಲ್ವ್ ಆಂಪಿನ ಆಸೆಯನ್ನು ತೂಕವೇ ತಣ್ಣಗಾಗಿಸಿತ್ತು. ಅದರ ಬದಲು ನೋಡಿದ, ಕ್ಲಾಸ್ ಡಿ ಎಂಬ ಹಗುರ ಬಗೆಯ ಆಂಪಿನಲ್ಲಿ ಟ್ರಾನ್ಸಿಸ್ಟರುಗಳು ಪೂರ್ಣವಾಗಿ ತೆರೆದಿರುತ್ತವೆ ಇಲ್ಲವೇ ಪೂರ್ಣವಾಗಿ ಮುಚ್ಚಿರುತ್ತವೆ. ನಡುವಿನ ಸ್ಥಿತಿಯಲ್ಲಿ ಶಕ್ತಿಯನ್ನು ಶಾಖವಾಗಿ ಸುಡುವುದಿಲ್ಲವಾದ್ದರಿಂದ ದೊಡ್ಡ ಹೀಟ್‌ಸಿಂಕ್ ಬೇಡ, ಮತ್ತು ಸ್ವಿಚಿಂಗ್ ಪವರ್ ಸಪ್ಲೈ ಇರುವುದರಿಂದ ಕಬ್ಬಿಣದ ಭಾರದ ಟ್ರಾನ್ಸ್‌ಫಾರ್ಮರೂ ಬೇಡ. ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ನಾನು ಕೊಂಡದ್ದು 4 ಓಮ್‌ಗೆ 500 ವ್ಯಾಟ್, 8 ಓಮ್‌ಗೆ ಸುಮಾರು 300 ವ್ಯಾಟ್ ಕೊಡುವ, ಮೂರು ಕಿಲೋಗಿಂತ ಕಡಿಮೆ ತೂಗುವ ಹೆಡ್.

ಗೆಳೆಯನ ಫೆಂಡರ್ ರಂಬಲ್ 500 ಕಾಂಬೊವನ್ನು ಒಂದು ಸಂಜೆ ನುಡಿಸಿ ನೋಡಿ ಬಹಳ ಮೆಚ್ಚಿಕೊಂಡದ್ದನ್ನೂ ಇಲ್ಲಿ ದಾಖಲಿಸಬೇಕು. ಹತ್ತು ಇಂಚಿನ ಎರಡು ಸ್ಪೀಕರುಗಳಿದ್ದೂ ಅದು 17 ಕಿಲೋ ಒಳಗೇ ಇದೆ. ಆದರೂ ಹೆಡ್ ಬೇರೆ, ಪೆಟ್ಟಿಗೆ ಬೇರೆ ಇರಲಿ ಎಂಬ ಹಟ ನನ್ನದು. ಒಂದು ಕೆಟ್ಟರೆ ಇನ್ನೊಂದನ್ನಾದರೂ ಉಳಿಸಿಕೊಳ್ಳಬಹುದು.

ಕ್ಯಾಬಿನೆಟ್ಟಿಗೆ ಹನ್ನೆರಡು ಇಂಚಿನ ಒಂದು ಸ್ಪೀಕರ್ ಮತ್ತು ಟ್ವೀಟರ್ (ಮೇಲಿನ ಸ್ವರಗಳಿಗೆಂದೇ ಇರುವ ಚಿಕ್ಕ ಸ್ಪೀಕರ್) ಇರುವ, 8 ಓಮ್‌ನ, ನಿಯೋಡಿಮಿಯಂ ಅಯಸ್ಕಾಂತದ ಪೆಟ್ಟಿಗೆಯನ್ನು ಆರಿಸಿದೆ. ತೂಕ 14 ಕಿಲೋ. 4 ಓಮ್‌ನದ್ದು ಬೇಡವೆಂದದ್ದಕ್ಕೆ ಕಾರಣವಿದೆ. 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಆಂಪಿಗೆ ಕಾಣುವುದು 4 ಓಮ್, ಅದು ನನ್ನ ಹೆಡ್ಡಿನ ಮಿತಿ. 4 ಓಮ್‌ನ ಎರಡನ್ನು ಜೋಡಿಸಿದರೆ 2 ಓಮ್ ಆಗಿ ಹೆಡ್ ರಕ್ಷಣೆಗಾಗಿ ನಿಂತುಬಿಡುತ್ತದೆ ಅಥವಾ ಸುಟ್ಟುಹೋಗುತ್ತದೆ. ಮುಂದೆ ಎರಡನೆಯದನ್ನು ಕೊಳ್ಳುವ ಉದ್ದೇಶವಿರುವವರು ಮೊದಲನೆಯದನ್ನು ಕೊಳ್ಳುವಾಗಲೇ ಈ ಭಾಗಾಕಾರ ಮಾಡಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನುಗಳ ಪೇಟೆಯಾದ ಎಸ್.ಪಿ. ರಸ್ತೆಗೆ ಹೋಗಿ, ಸ್ಪೀಕರ್ ಕೇಬಲ್ಲಿಗೆಂದೇ ಇರುವ ಸ್ಪೀಕಾನ್ ಕನೆಕ್ಟರುಗಳನ್ನೂ ದಪ್ಪ ತಾಮ್ರದ ಸ್ಪೀಕರ್ ವೈರನ್ನೂ ತಂದು ಕೇಬಲ್ ನಾನೇ ಕಟ್ಟಿದೆ. ಗಿಟಾರಿನ ಕೇಬಲ್ಲನ್ನು ಹೆಡ್ಡಿನಿಂದ ಕ್ಯಾಬಿನೆಟ್ಟಿಗೆ ಹಾಕಬಾರದು; ಅದರೊಳಗಿನ ಕೂದಲೆಳೆಯಂಥ ತಂತಿ ಇಷ್ಟು ಕರೆಂಟನ್ನು ತಾಳುವುದಿಲ್ಲ.

ಜೂನ್

ಹೊಸ ಸಜ್ಜಿನ ಮೊದಲ ಪಬ್ ಕಾರ್ಯಕ್ರಮ. ಮನೆಯಲ್ಲಿ ಚೆಂದ ಕೇಳಿಸಿದ ಹೊಂದಾಣಿಕೆಯನ್ನೇ ಅಲ್ಲಿಗೂ ಒಯ್ದದ್ದು ನನ್ನ ತಪ್ಪು. ಗೋಡೆಯ ಮೂಲೆಯಲ್ಲಿಟ್ಟ ಪೆಟ್ಟಿಗೆಗೆ ಗೋಡೆ, ನೆಲಗಳೇ ಆಳದ ಸ್ವರವನ್ನು ಸೇರಿಸಿಕೊಟ್ಟು, ಸಭಾಂಗಣವೆಲ್ಲ ಗುಂಯ್ ಎನ್ನುವಂತಾಯಿತು. ವಿರಾಮದಲ್ಲಿ ಪೆಟ್ಟಿಗೆಯನ್ನು ಮೂಲೆಯಿಂದ ಎಳೆದು, ಬೇಸ್ ತಿರುಗುಣಿಯನ್ನು ನಡುವಿಗಿಂತ ಕೆಳಗಿಳಿಸಿ, 500 ಹರ್ಟ್ಸ್‌ನ ಸುತ್ತಲಿನ ಮಿಡ್ಡನ್ನು, ಅಂದರೆ ನಡುವಿನ ಸ್ವರಗಳನ್ನು, ತುಸು ಏರಿಸಿದೆ. ಒಬ್ಬನೇ ಕುಳಿತು ಕೇಳಿದರೆ ಆ ಸದ್ದು ಮೂಗಿನಿಂದ ಹಾಡಿದಂತಿರುತ್ತದೆ. ಎರಡು ಗಿಟಾರುಗಳ ನಡುವೆ ಅದೇ ಸದ್ದು ಬೇಸಿಗೆ ಜಾಗ ಮಾಡಿಕೊಡುತ್ತದೆ.

ಆಮೇಲೆ ಕೊಂಡದ್ದು ಅತಿ ಆಳದ ಕಂಪನಗಳನ್ನು ತಡೆದು ಉಳಿದದ್ದನ್ನು ಬಿಡುವ ಹೈ ಪಾಸ್ ಫಿಲ್ಟರಿನ ಪುಟ್ಟ ಪೆಡಲ್. ಮುಂಭಾಗದಲ್ಲಿ ರಂಧ್ರವಿರುವ ಕ್ಯಾಬಿನೆಟ್ಟು ಯಾವ ಕಂಪನಾಂಕಕ್ಕೆ ಹೊಂದಿಕೊಂಡಿದೆಯೋ ಅದಕ್ಕಿಂತ ಕೆಳಗೆ ಪೆಟ್ಟಿಗೆಯೊಳಗಿನ ಗಾಳಿ ಕೋನನ್ನು ಹಿಡಿದು ನಿಲ್ಲಿಸುವುದಿಲ್ಲ. ತಂತಿಗೆ ಅಂಗೈ ತಗಲಿದ ಸದ್ದಿಗೂ ಕೋನ್ ಅಂಕೆಯಿಲ್ಲದೆ ಓಲಾಡುತ್ತದೆ. 40 ಹರ್ಟ್ಸ್‌ನಿಂದ ಕೆಳಗಿನದನ್ನು ಪೆಡಲಿನಿಂದ ಕತ್ತರಿಸಿದ ಮೇಲೆ ಅದೇ ಪೆಟ್ಟಿಗೆಯಿಂದ ಇನ್ನಷ್ಟು ಗಟ್ಟಿಯಾದ ಸದ್ದನ್ನು ನಿರಾತಂಕವಾಗಿ ಪಡೆಯುತ್ತಿದ್ದೇನೆ. ಈ ಸಜ್ಜಿನಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಉಪಕಾರವಾದದ್ದು ಇದರಿಂದಲೇ.

ಸೆಪ್ಟೆಂಬರ್, ಗಣೇಶೋತ್ಸವದ ವಾರ

ಬಯಲು, ಶಾಮಿಯಾನ, ಜನರೇಟರ್, ಮರದ ಹಲಗೆಯ ವೇದಿಕೆ. ವೇದಿಕೆಯ ಕೆಳಗೆ ಟೊಳ್ಳಿದ್ದುದರಿಂದ ಎ ತಂತಿಯ ಒಂದು ಸ್ವರ ಬಂದಾಗಲೆಲ್ಲ ಹಲಗೆಗಳೇ ಮದ್ದಳೆಯಂತೆ ಮೊಳಗುತ್ತಿದ್ದವು. ಕ್ಯಾಬಿನೆಟ್ಟಿನ ಕೆಳಗೆ ದಪ್ಪನೆಯ ಫೋಮ್ ಹಾಸಿದರೂ ಪೂರ್ತಿ ಹೋಗದೆ, ಅದನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಏರಿಸಿದಾಗ ಅರ್ಧದಷ್ಟು ತಗ್ಗಿತು.

ಇಂಥ ಜಾಗದಲ್ಲಿ ಜನರಿಗೆ ಬೇಸ್ ಕೇಳಿಸುವುದು ಸೌಂಡ್‌ನವರ ದೊಡ್ಡ ಪೆಟ್ಟಿಗೆಗಳಿಂದಲೇ ಹೊರತು ನನ್ನದರಿಂದಲ್ಲ. ನನ್ನದು ನನಗೂ ಡ್ರಮ್ಮರ್‌ಗೂ ಕೇಳಿಸಿದರೆ ಅದರ ಕೆಲಸ ಮುಗಿಯಿತು. ಹೆಡ್ಡಿನ ಹಿಂಬದಿಯಲ್ಲಿ, ಮಿಕ್ಸರಿಗೆ ನೇರವಾಗಿ ಸಿಗ್ನಲ್ ಕಳಿಸಲೆಂದೇ ಇರುವ ಡಿ.ಐ. ಔಟ್‌ನಿಂದ ಅವರ ಮಿಕ್ಸರಿಗೆ ಲೈನ್ ಕೊಟ್ಟೆವು. ಕೊಟ್ಟ ಕೂಡಲೇ 50 ಹರ್ಟ್ಸ್‌ನ ಹಮ್ ತುಂಬಿಕೊಂಡಿತು. ಆ ಲೈನಿನ ಗ್ರೌಂಡ್ ಸಂಪರ್ಕವನ್ನು ಮಾತ್ರ ಬಿಡಿಸುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದಾಗ ಹೋಯಿತು. ಪ್ಲಗ್ಗಿನ ಅರ್ಥ್ ಪಿನ್ನನ್ನು ಕಳಚಿ ಹಮ್ ಓಡಿಸುವ ರೂಢಿ ನಮ್ಮ ವೇದಿಕೆಗಳಲ್ಲಿದೆ. ಒದ್ದೆ ನೆಲದ ಮೇಲೆ, ಒಂದು ಕೈಯಲ್ಲಿ ತಂತಿ, ತುಟಿಗೆ ಮೈಕ್ ಇರುವವರಿಗೆ ಅದು ಪ್ರಾಣಾಂತಕ. ಬೇಡವೆಂದು ಜಗಳವಾಡಿಯಾದರೂ ತಡೆಯಬೇಕು.

ಎರಡನೇ ಹಾಡಾದ ಮೇಲೆ ಮಿಕ್ಸರ್ ಬಳಿಯ ಹುಡುಗ, "ಅಣ್ಣಾ, ನೀವು ಅಲ್ಲಿ ಬೇಸ್ ತಿರುಗಿಸಿದ್ರೆ ಇಲ್ಲೂ ತಿರುಗುತ್ತೆ" ಎಂದ. ಡಿ.ಐ.ಯನ್ನು ಪೋಸ್ಟ್‌ನಲ್ಲಿ ಬಿಟ್ಟಿದ್ದೆ, ಅಂದರೆ ನನ್ನ ತಿರುಗುಣಿಗಳನ್ನು ದಾಟಿದ ಸದ್ದೇ ಅವನಿಗೆ ಹೋಗುತ್ತಿತ್ತು. ಪ್ರೀಗೆ, ಅಂದರೆ ತಿರುಗುಣಿಗಳಿಗೂ ಮೊದಲಿನ ಸದ್ದಿಗೆ ಬದಲಿಸಿದ ಮೇಲೆ ಅವನ ಸದ್ದು ಅವನಿಗೆ, ನನ್ನದು ನನಗೆ. ರಾತ್ರಿ ಹತ್ತಕ್ಕೆ ಎಲ್ಲವೂ ನಿಂತಿತು.

ಒಂದೇ ಪೆಟ್ಟಿಗೆ ಇಲ್ಲಿ ಸಾಲಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಬರೆಯಬೇಕು. ಡ್ರಮ್ಮರ್ ಹುರುಪಿಗೆ ಬಂದಾಗಲೆಲ್ಲ ಮಿತಿ ಮೀರುತ್ತಿದೆಯೆಂದು ಎಚ್ಚರಿಸುವ ಹೆಡ್ಡಿನ ಕೆಂಪು ದೀಪ ಮಿನುಗುತ್ತಿತ್ತು.

ಅಕ್ಟೋಬರ್, ಮೂರನೇ ವಾರ

ಮೊದಲಿನಂಥದ್ದೇ ಎರಡನೇ ಕ್ಯಾಬಿನೆಟ್ ಬಂದಿದೆ. ಎಂಬತ್ತು ಸಾವಿರದ ಮಿತಿಯನ್ನು ಖರ್ಚು ಹನ್ನೊಂದು ಸಾವಿರದಷ್ಟು ಮೀರಿತು, ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಅದೇ ಕಂಪನಿಯದ್ದು, ಅದೇ ಮಾದರಿಯದ್ದೇ ಇರಲಿ ಎಂದು ಕಾದು ತರಿಸಿದೆ. ಬೇರೆ ಬೇರೆ ಪೆಟ್ಟಿಗೆಗಳನ್ನು ಬೆರೆಸಿದರೆ ಕೆಲವು ಸ್ವರಗಳಲ್ಲಿ ಅವು ಒಂದಕ್ಕೊಂದು ಎದುರಾಗಿ ಚಲಿಸಿ ಸದ್ದನ್ನು ತಿಂದುಹಾಕಬಹುದು.

ಅಭ್ಯಾಸದ ಕೋಣೆಯಲ್ಲಿ ಮೊಬೈಲಿನ ಧ್ವನಿಮಾಪಕದಿಂದ ಅಳೆದೆ. ಯಾವ ಕಂಪನಾಂಕಕ್ಕೆ ಮಾಪಕ ಎಷ್ಟು ಬೆಲೆ ಕೊಡಬೇಕೆಂಬ ಆಯ್ಕೆಯಲ್ಲಿ ಅಳೆಯುವವರು ಎ ತೂಕವನ್ನು ಬಿಟ್ಟು ಸಿ ತೂಕವನ್ನು ಆರಿಸಬೇಕು, ಏಕೆಂದರೆ ಎ ತೂಕದಲ್ಲಿ 40 ಹರ್ಟ್ಸ್‌ನ ಸದ್ದನ್ನು ಸುಮಾರು 35 ಡೆಸಿಬಲ್ ಕಡಿಮೆಯಾಗಿ ಲೆಕ್ಕ ಹಿಡಿಯಲಾಗುತ್ತದೆ. ತಿರುಗುಣಿ ಅಲ್ಲೇ ಇರುವಾಗ ಎರಡನೇ ಪೆಟ್ಟಿಗೆಯನ್ನು ಜೋಡಿಸಿದರೆ ಸದ್ದು 5 ಡೆಸಿಬಲ್‌ನಷ್ಟು ಏರಿತು. ಕಾಗದದ ಲೆಕ್ಕದಲ್ಲಿ ಇದು 6: ಆಂಪಿನಿಂದ ಇಮ್ಮಡಿ ಶಕ್ತಿ ಹೊರಡುವುದರಿಂದ 3, ಎರಡು ಕೋನುಗಳು ಒಂದಾಗಿ ಗಾಳಿಯನ್ನು ತಳ್ಳುವುದರಿಂದ ಇನ್ನೊಂದು 3. ಇಷ್ಟನ್ನೇ ಒಂದೇ ಪೆಟ್ಟಿಗೆಯಿಂದ ಪಡೆಯಲು ನಾಲ್ಕು ಪಟ್ಟು ವ್ಯಾಟ್ ಬೇಕಾಗುತ್ತಿತ್ತು, ಆ ಸ್ಪೀಕರ್ ಅದನ್ನು ತಾಳುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೇಲಿನ ಪೆಟ್ಟಿಗೆಯ ಸ್ಪೀಕರ್ ಈಗ ನನ್ನ ಸೊಂಟದ ಮೇಲಿದೆ, ಟ್ವೀಟರ್ ಎದೆಯ ಹತ್ತಿರ. ನಮ್ಮತ್ತ ತಿರುಗಿಸಿಡುವ ಮಾನಿಟರ್ ಸ್ಪೀಕರ್ ಬೇಕೆಂದು ಕೇಳದೆಯೇ ಕೆಲಸ ನಡೆಯುತ್ತಿದೆ.

ನವೆಂಬರ್, ಎರಡನೇ ವಾರ

ರಾಜ್ಯೋತ್ಸವದ ತಿಂಗಳಾದ್ದರಿಂದ ಇದುವರೆಗೆ ಮೂರು ಕಾರ್ಯಕ್ರಮಗಳಾದವು, ಇನ್ನೆರಡು ಉಳಿದಿವೆ. ಮಾಸ್ಟರ್ ತಿರುಗುಣಿ ಹತ್ತು ಗಂಟೆಯ ಸ್ಥಾನವನ್ನು ದಾಟಿಲ್ಲ, ಕೆಂಪು ದೀಪ ಒಮ್ಮೆಯೂ ಮಿನುಗಿಲ್ಲ. ಪಬ್ಬಿಗೆ ಒಂದೇ ಪೆಟ್ಟಿಗೆ ಒಯ್ಯುತ್ತೇನೆ, ಬಯಲಿಗೆ ಎರಡೂ. ಐದು ತಂತಿಯ ಬೇಸ್ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ, ಏಕೆಂದರೆ 31 ಹರ್ಟ್ಸ್‌ನ ಬಿ ತಂತಿ ಬಂದರೆ ಫೆಬ್ರುವರಿಯ ಲೆಕ್ಕವನ್ನೆಲ್ಲ ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ. ಬಾಕಿ ಉಳಿದಿರುವ ಕೆಲಸವೆಂದರೆ ಪೆಟ್ಟಿಗೆಗಳಿಗೆ ಮಳೆ ತಡೆಯುವ ಹೊದಿಕೆ ಹೊಲಿಸುವುದು, ಅಳತೆ ಕೊಟ್ಟು ಬಂದಿದ್ದೇನೆ, ಟೈಲರ್ ಇವು ಏನು ಎಂದು ಕೇಳಿ, ಹೇಳಿದ ಮೇಲೂ ನಂಬದೆ, ರಸೀದಿಯಲ್ಲಿ "ಟಿ.ವಿ. ಕವರ್, ಎರಡು" ಎಂದೇ ಬರೆದುಕೊಟ್ಟಿದ್ದಾರೆ.