ನಗರದಂಚಿನ ಬೀದಿಗೆ ಒಂದು ಅಳತೆಕೋಲು

ನಗರದ ಅಂಚಿನ ಬಡಾವಣೆಗಳಲ್ಲಿ ಮನೆಗಳು ಮೊದಲು ಏಳುತ್ತವೆ. ನೀರಿನ ಪೈಪು, ಒಳಚರಂಡಿ, ಬೀದಿ ದೀಪ ಎಲ್ಲ ಆಮೇಲೆ, ವರ್ಷಗಟ್ಟಲೆ ತಡವಾಗಿ, ಒಂದೊಂದಾಗಿ ಬರುತ್ತವೆ. ಬಾಡಿಗೆ ಕಡಿಮೆಯೆಂದು ಬಂದವರು, ಕೆಲಸದ ಜಾಗ ಹತ್ತಿರವೆಂದು ಬಂದವರು, ಹಿಂದಿನಿಂದ ಅಲ್ಲೇ ಹೊಲ ಇದ್ದವರು ಎಲ್ಲ ಸೇರಿ ಒಂದೇ ಬೀದಿಯಲ್ಲಿ ನಾಲ್ಕೈದು ಭಾಷೆ ಇರುತ್ತವೆ. ನಗರ ಇನ್ನೂ ಕೊಡದಿದ್ದನ್ನು ಈ ಜನ ತಮ್ಮೊಳಗೇ ಹಂಚಿಕೊಳ್ಳಬೇಕು. ಆದರೆ ಕೂತು ಮಾತಾಡಲು ಎಲ್ಲರಿಗೂ ಬರುವ ಭಾಷೆಯೇ ಇಲ್ಲ. "ಆ ಜನವೇ ಹಾಗೆ" ಎಂದು ಕೇಳಿಬರುವ ದೂರುಗಳಲ್ಲಿ ಬಹುಪಾಲು ಅಳತೆಯಿಲ್ಲದ ಹಂಚಿಕೆಯಿಂದ ಹುಟ್ಟಿದವು ಎಂದು ನಾನು ನಂಬಿದ್ದೇನೆ. ಅಳತೆ ಕಣ್ಣಿಗೆ ಕಾಣುವಂತಿದ್ದರೆ ಅರ್ಧ ಮಾತಿನ ಅಗತ್ಯವೇ ಬೀಳುವುದಿಲ್ಲ.

ನೀರಿನಿಂದಲೇ ಶುರು ಮಾಡೋಣ. ಹತ್ತು ಹನ್ನೆರಡು ಮನೆಗೆ ಸೇರಿದ ಒಂದು ಸಂಪು ಇದೆ ಎನ್ನಿ: ಒಳಗಿನ ಉದ್ದ 3 ಮೀಟರ್, ಅಗಲ 2 ಮೀಟರ್, ನೀರು ನಿಲ್ಲುವ ಆಳ ಒಂದೂವರೆ ಮೀಟರ್. ಗುಣಿಸಿದರೆ 9 ಘನ ಮೀಟರ್, ಅಂದರೆ 9,000 ಲೀಟರ್. ನೆನಪಿಡಬೇಕಾದ್ದು ಇನ್ನೊಂದು ಲೆಕ್ಕ: ಈ ಸಂಪಿನಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 60 ಲೀಟರ್. ಒಂದು ನೇರವಾದ ಪ್ಲಾಸ್ಟಿಕ್ ಪೈಪು ತಂದು, ತುದಿಯಿಂದ ಪ್ರತಿ 10 ಸೆಂಟಿಮೀಟರಿಗೆ ಬಣ್ಣದ ಗೆರೆ ಹಾಕಿ, ಗೆರೆಯ ಪಕ್ಕ 600, 1,200, 1,800 ಎಂದು ಲೀಟರನ್ನೇ ಬರೆಯಿರಿ. ಸೆಂಟಿಮೀಟರ್ ಬರೆದರೆ ಪ್ರತಿಸಲ ಯಾರೋ ಒಬ್ಬರು ಗುಣಿಸಬೇಕು, ಉಳಿದವರು ಅವರನ್ನು ನಂಬಬೇಕು. ಮರದ ಕೋಲು ಬೇಡ. ನೀರು ಕುಡಿದು ಬಾಗುತ್ತದೆ, ಪಾಚಿ ಹಿಡಿಯುತ್ತದೆ. ತಳದ 15 ಸೆಂಟಿಮೀಟರನ್ನು ಕೆಂಪು ಬಳಿದು, ಆ 900 ಲೀಟರನ್ನು ಹಂಚುವ ಲೆಕ್ಕದಿಂದ ಬಿಟ್ಟುಬಿಡಿ. ಕೆಸರು ಕೂರುವುದು ಅಲ್ಲೇ, ಪಂಪು ಗಾಳಿ ಎಳೆಯುವುದೂ ಅಲ್ಲೇ.

ಉಳಿಯುವುದು 8,100 ಲೀಟರ್. 48 ಜನ, ಮೂರು ದಿನಕ್ಕೊಮ್ಮೆ ನೀರು ಬರುತ್ತದೆ ಎಂದಾದರೆ ತಲೆಗೆ ದಿನಕ್ಕೆ ಸುಮಾರು 56 ಲೀಟರ್. ಕುಡಿಯುವುದು, ಅಡುಗೆ, ಸ್ನಾನ, ಬಟ್ಟೆ ಎಲ್ಲ ಸೇರಿ ದಿನಕ್ಕೆ 50ರಿಂದ 100 ಲೀಟರ್ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂದರೆ ಇದು ಸಾಕಾಗುವ ನೀರು, ಆದರೆ ಸೋರಿಹೋಗಲು ಬಿಡುವಷ್ಟಿಲ್ಲ. ಹಂಚುವಾಗ ಮನೆಗಿಷ್ಟು ಎನ್ನುವುದಕ್ಕಿಂತ ತಲೆಗಿಷ್ಟು ಎನ್ನುವುದು ನ್ಯಾಯ. ಒಂದು ಮನೆಯಲ್ಲಿ ಇಬ್ಬರಿರುತ್ತಾರೆ, ಪಕ್ಕದ ಕೋಣೆಯಲ್ಲಿ ಕೆಲಸಕ್ಕೆ ಬಂದ ಎಂಟು ಹುಡುಗರಿರುತ್ತಾರೆ. ಎಂಟು ಜನ ಎಂಟು ಜನರಷ್ಟು ನೀರು ಖರ್ಚು ಮಾಡಿದರೆ ಅದು ಪೋಲು ಮಾಡಿದಂತಲ್ಲ.

ನೀರು ಬೇಗ ಖಾಲಿಯಾಗುತ್ತಿದ್ದರೆ ಯಾರ ಮೇಲಾದರೂ ಬೆರಳು ತೋರಿಸುವ ಮೊದಲು ಪಂಪು ನಿಲ್ಲಿಸಿ, ಒಳಗೆ ಬರುವ ಪೈಪನ್ನೂ ಮುಚ್ಚಿ, ಕೋಲಿನಲ್ಲಿ ಮಟ್ಟ ನೋಡಿ. ಆರು ಗಂಟೆ ಬಿಟ್ಟು ಮತ್ತೆ ನೋಡಿ. 3 ಸೆಂಟಿಮೀಟರ್ ಇಳಿದಿದ್ದರೆ 180 ಲೀಟರ್ ಸಂಪಿನಿಂದಲೇ ಸೋರಿಹೋಗಿದೆ. ಸಂಪು ಸರಿಯಿದ್ದರೆ ಮೇಲಿನ ಟ್ಯಾಂಕಿಗೂ ಇದೇ ಪರೀಕ್ಷೆ, ಎಲ್ಲ ನಲ್ಲಿ ಮುಚ್ಚಿ. ಅಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಶೌಚಾಲಯದ ಫ್ಲಶ್. ಫ್ಲಶ್ ಟ್ಯಾಂಕಿಗೆ ಎರಡು ಹನಿ ಬಣ್ಣ ಹಾಕಿ ಇಪ್ಪತ್ತು ನಿಮಿಷ ಮುಟ್ಟದೆ ಬಿಡಿ. ಕೆಳಗಿನ ನೀರಿಗೆ ಬಣ್ಣ ಇಳಿದಿದ್ದರೆ ಒಳಗಿನ ರಬ್ಬರ್ ಹೋಗಿದೆ.

ಟ್ಯಾಂಕರಿನ ನೀರಾದರೆ ಕ್ಲೋರಿನ್ ಹಾಕಲೇಬೇಕು. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 9,000 ಲೀಟರಿಗೆ 18 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರಿನಲ್ಲಿ ಶೇ 30ರಷ್ಟು ಕ್ಲೋರಿನ್ ಇದ್ದರೆ 60 ಗ್ರಾಂ ಪುಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿಯಿರಿ. ತಳದ ಸುಣ್ಣ ಬೇಡ. ಇನ್ನರ್ಧ ಗಂಟೆ ಕಳೆದ ಮೇಲೆ ಕ್ಲೋರಿನ್ ಅಳೆಯುವ ಪರೀಕ್ಷಾ ಪಟ್ಟಿಯಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ತೋರಿಸಿದರೆ ಸರಿ. ಏನೂ ತೋರದಿದ್ದರೆ ಎರಡು ಕಾರಣ ಇರಬಹುದು: ಚೀಲ ಬಾಯ್ತೆರೆದು ಬಿಸಿಲು ತೇವಕ್ಕೆ ಸಿಕ್ಕಿ ಪುಡಿ ಸತ್ತಿದೆ, ಇಲ್ಲವೇ ನೀರು ಕಲಕಾಗಿದ್ದು ಕ್ಲೋರಿನನ್ನೆಲ್ಲ ಆ ಕೊಳೆಯೇ ತಿಂದಿದೆ. ಎರಡನೆಯದಾದರೆ ಮೊದಲು ನೀರು ತಿಳಿಯಾಗಲಿ. ಈ ಪುಡಿಯನ್ನು ಶೌಚಾಲಯ ತೊಳೆಯುವ ಆ್ಯಸಿಡ್ ಪಕ್ಕ ಇಡಲೇಬೇಡಿ. ಎರಡೂ ಬೆರೆತರೆ ವಿಷಗಾಳಿ ಏಳುತ್ತದೆ.

ಒಳಚರಂಡಿ ಬಾರದ ಕಡೆ ಬಹುತೇಕ ಮನೆಗಳಿಗೆ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದ ಹೀರಿಸಬೇಕು. ಒಳಗೆ ಯಾರೂ ಇಳಿಯಬಾರದು, ಎರಡು ನಿಮಿಷಕ್ಕೂ ಕೂಡದು. ಅಲ್ಲಿ ತುಂಬಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಕೊಳೆತ ಮೊಟ್ಟೆಯಂತೆ ನಾರುತ್ತದೆ ನಿಜ, ಆದರೆ ಜಾಸ್ತಿಯಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಳ್ಳುವ ಕ್ಷಣವೇ ಅಪಾಯದ ಕ್ಷಣ. ಬಿದ್ದವನನ್ನು ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ. ಈ ಕೆಲಸಕ್ಕೆ ಇಳಿಸಲಾಗುವುದು ಸಾಮಾನ್ಯವಾಗಿ ಬೀದಿಗೆ ಹೊಸಬನಾದ, ಆಗುವುದಿಲ್ಲ ಎನ್ನಲು ಭಾಷೆಯೂ ಧೈರ್ಯವೂ ಸಾಲದ ಮನುಷ್ಯ. ಅವನ ಪರವಾಗಿ ಬೀದಿ ನಿಲ್ಲಬೇಕು. ಮುಚ್ಚಳದ ಮೇಲೆ, ಇಳಿಯುತ್ತಿರುವ ಮನುಷ್ಯನ ಚಿತ್ರ ಬರೆದು ಅಡ್ಡಗೆರೆ ಹೊಡೆಯಿರಿ.

ಮಳೆನೀರಿನ ಜಗಳ ನಿಧಾನವಾಗಿ ಬೆಳೆಯುವಂಥದ್ದು. ಹೊಸ ಮನೆ ಕಟ್ಟುವವರು ಪಕ್ಕದ ಮನೆಗಿಂತ ತಳಪಾಯ ಎತ್ತರಿಸುತ್ತಾರೆ. ರಸ್ತೆಗೆ ಹಳೆಯದನ್ನು ಕೆರೆಯದೆ 5 ಸೆಂಟಿಮೀಟರಿನ ಪದರ ಹಾಕುತ್ತಾರೆ. ಮೂರು ಸಲ ಹಾಕಿದರೆ ರಸ್ತೆ 15 ಸೆಂಟಿಮೀಟರ್ ಏರಿರುತ್ತದೆ, ಹಳೆಯ ಮನೆಯ ಹೊಸ್ತಿಲು ಅಲ್ಲೇ ಇರುತ್ತದೆ. 100 ಚದರ ಮೀಟರ್ ಚಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ಇಳಿಯುತ್ತದೆ. ಅದೆಲ್ಲ ತಗ್ಗಿನ ಮನೆಗೆ. ಕೆಲಸ ಶುರುವಾಗುವ ಮುಂಚೆಯೇ ಗಾರೆಯವರ ಲೆವೆಲ್ ಪೈಪು ಹಿಡಿದು ಬೀದಿಯ ಎಲ್ಲ ಹೊಸ್ತಿಲುಗಳ ಮಟ್ಟವನ್ನು ಒಂದು ಕಂಬದ ಮೇಲೆ ಗುರುತು ಹಾಕಿಸಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿ ಎತ್ತಿ ಹಿಡಿದರೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನಡುವೆ ಒಂದು ಗಾಳಿಗುಳ್ಳೆ ಇದ್ದರೂ ಲೆಕ್ಕ ತಪ್ಪುತ್ತದೆ, ಅದಕ್ಕೇ ಮೊದಲು ಎರಡು ತುದಿಯನ್ನೂ ಜೋಡಿಸಿ ಹಿಡಿದು ನೀರು ಸಮ ನಿಂತಿದೆಯೇ ನೋಡಿಕೊಳ್ಳಿ. ರಸ್ತೆಯ ಮಟ್ಟ ಅತಿ ತಗ್ಗಿನ ಹೊಸ್ತಿಲನ್ನು ದಾಟಬಾರದು. ಚರಂಡಿಗೆ 10 ಮೀಟರಿಗೆ 10 ಸೆಂಟಿಮೀಟರ್ ಇಳಿಜಾರು ಸಿಕ್ಕರೆ ಮಣ್ಣು ಅಷ್ಟು ಬೇಗ ಕೂರುವುದಿಲ್ಲ.

ಗದ್ದಲದ ವಿಷಯದಲ್ಲಿ ಯಾರು ಸದ್ದು ಮಾಡುತ್ತಾರೆ ಎಂದು ಕೇಳುವ ಬದಲು ಯಾರು ಯಾವಾಗ ಮಲಗುತ್ತಾರೆ ಎಂದು ಕೇಳುವುದು ಮೇಲು. 24 ಗಂಟೆಯ ಪಟ್ಟಿ ಮಾಡಿ ಪ್ರತಿ ಮನೆಯವರು ತಮ್ಮ ನಿದ್ದೆಯ ಹೊತ್ತಿಗೆ ಬಣ್ಣ ತುಂಬಲಿ. ರಾತ್ರಿ ಪಾಳಿಯವರು ಬೆಳಗ್ಗೆ ಒಂಬತ್ತಕ್ಕೆ ಮಲಗುತ್ತಾರೆಂಬುದು ಉಳಿದವರಿಗೆ ಆಗಲೇ ಗೊತ್ತಾಗುವುದು. ಗೋಡೆ ದಾಟಿ ಬರುವುದು ಹೆಚ್ಚಾಗಿ ಸ್ಪೀಕರಿನ ದಪ್ಪ ಸದ್ದು. ಪೆಟ್ಟಿಗೆಯನ್ನು ಮೂಲೆಯಿಂದ ಈಚೆಗೆ ತಂದು, ಅಡಿಗೆ ದಪ್ಪ ರಬ್ಬರ್ ಇಟ್ಟರೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ಸೂಚನಾ ಫಲಕ ಬರೆಯುವಾಗ "ನಾಳೆ" ಎಂಬ ಪದ ಬೇಡ. ಓದುವವರು ಮಾರನೆಯ ದಿನ ಓದುತ್ತಾರೆ. ಹಿಂದಿಗೆ ಹೋದರೆ "ಕಲ್" ನಿನ್ನೆಯೂ ಹೌದು, ನಾಳೆಯೂ ಹೌದು. ತಿಂಗಳ ಹೆಸರು ಅಕ್ಷರದಲ್ಲಿರಲಿ, ಏಕೆಂದರೆ 03/04 ಕೆಲವರಿಗೆ ಏಪ್ರಿಲ್, ಕೆಲವರಿಗೆ ಮಾರ್ಚ್. ಸಮಯ 24 ಗಂಟೆಯ ಲೆಕ್ಕದಲ್ಲಿರಲಿ. ಚಿತ್ರಗಳನ್ನು ಸಾಲಾಗಿ ಹಾಕಿದರೆ 1, 2, 3 ಎಂದು ಗುರುತಿಸಿ. ಉರ್ದು, ಅರಬ್ಬಿ ಓದುವ ಕಣ್ಣು ಬಲದಿಂದ ಹೊರಡುತ್ತದೆ. ಫೋನಿನಲ್ಲಿ ಅನುವಾದಿಸಿದ್ದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ. ಅರ್ಥ ಕೆಟ್ಟಿದ್ದರೆ ವಾಕ್ಯ ಒಡೆದು ಚಿಕ್ಕದು ಮಾಡಿ. ಕಸದ ಡಬ್ಬಿಗಳಿಗೆ ಬಣ್ಣವೊಂದೇ ಸಾಲದು, ಕೆಂಪು ಹಸಿರು ಬೇರ್ಪಡಿಸಲಾಗದ ಕಣ್ಣುಗಳಿವೆ. ಒಣ ಕಸದ ಡಬ್ಬಿಯ ಮುಚ್ಚಳಕ್ಕೆ ನಿಜವಾದ ಖಾಲಿ ಬಾಟಲಿಯನ್ನೇ ತಂತಿಯಿಂದ ಕಟ್ಟಿ.

ಕೊನೆಯದಾಗಿ ಆಂಬ್ಯುಲೆನ್ಸ್. ಇಂಥ ಬಡಾವಣೆಯಲ್ಲಿ ಮನೆ ನಂಬರುಗಳು ಕಟ್ಟಿದ ಕ್ರಮದಲ್ಲಿರುತ್ತವೆ, ನಿಂತ ಕ್ರಮದಲ್ಲಿರುವುದಿಲ್ಲ. 14ರ ಪಕ್ಕ 87 ಇರಬಹುದು. ಪ್ರತಿ ಮನೆಯ ಬಾಗಿಲ ಒಳಬದಿಗೆ, ವಿಳಾಸವನ್ನೂ ಮುಖ್ಯರಸ್ತೆಯಿಂದ ತಿರುಗಬೇಕಾದ ಕಡೆಗಳನ್ನೂ ಊರಿನ ಆಡಳಿತ ಭಾಷೆಯಲ್ಲಿ, ಆ ಮನೆಯವರು ಓದಬಲ್ಲ ಲಿಪಿಯಲ್ಲಿ ಬರೆದು ಅಂಟಿಸಿ. ಭಾಷೆ ಬಾರದಿದ್ದರೂ ಫೋನಿನಲ್ಲಿ ಅದನ್ನು ಓದಿ ಹೇಳಬಹುದು. ಕರೆ ಹೋದ ಮೇಲೆ ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಲಿ, ಬೆಳಕು ನೆಲಕ್ಕಿರಲಿ, ಚಾಲಕನ ಕಣ್ಣಿಗಲ್ಲ. ಇನ್ನೊಬ್ಬರು ಬೀದಿಯಲ್ಲಿ ನಿಂತ ಬೈಕುಗಳನ್ನು ಒತ್ತಿಗೆ ಸರಿಸಲಿ. ಆ ಮನೆಯ ಹೊರದೀಪ ಉರಿಯುತ್ತಿರಲಿ, ಗೇಟು ತೆರೆದಿರಲಿ.