ಸಗಣಿ ತೊಟ್ಟಿ, ನೀಲಿ ಉರಿ

ವಾರದಿಂದ ಸಾಗರದ ಮನೆಯಲ್ಲಿದ್ದೇನೆ. ಬೆಳಿಗ್ಗೆ ಅಮ್ಮ ಕೊಟ್ಟಿಗೆಯಿಂದ ಎರಡು ಬುಟ್ಟಿ ಸಗಣಿ ತಂದು ಗೋಬರ್ ಗ್ಯಾಸ್ ತೊಟ್ಟಿಗೆ ಹಾಕಿದಳು. ಅಷ್ಟೇ ನೀರು ಸುರಿದು, ಕೈಯಲ್ಲೇ ಕದಡಿ, ಹುಲ್ಲಿನ ಎಳೆಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದಳು. ಒಳಗೆ ಒಲೆ ಹಚ್ಚಿದರೆ ತಿಳಿ ನೀಲಿ ಉರಿ. ಅಜ್ಜಿ ಇದೇ ಅಡುಗೆಮನೆಯಲ್ಲಿ ಹಸಿ ಕಟ್ಟಿಗೆ ಊದಿ ಊದಿ ಕೆಮ್ಮುತ್ತಿದ್ದದ್ದು ನೆನಪಾಯಿತು.

ಮಳೆಗಾಲದ ಚಳಿಗೆ ಗ್ಯಾಸ್ ಕಡಿಮೆ ಬರುತ್ತದೆ. ಆಗ ಸಿಲಿಂಡರ್ ಬೇಕೇ ಬೇಕು. ಆ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬರುವಂಥದ್ದು.

ಕಲ್ಲಿದ್ದಲು, ಎಣ್ಣೆ ಬಿಡಲೇಬೇಕು. ನನಗೆ ಅನುಮಾನವೇ ಇಲ್ಲ. ಆದರೆ ಹಸಿರು ಕರೆಂಟು ಅಂದಾಗೆಲ್ಲ ಲಿಂಗನಮಕ್ಕಿ ಕಣ್ಣ ಮುಂದೆ ಬರುತ್ತದೆ. ಶರಾವತಿ ನದಿಗೆ ಕಟ್ಟಿದ, 1964ರಲ್ಲಿ ಮುಗಿದ ಅಣೆಕಟ್ಟು. ಕಲ್ಲಿದ್ದಲು ಸುಡದೆ ರಾಜ್ಯಕ್ಕೆಲ್ಲ ಬೆಳಕು ಕೊಟ್ಟಿತು, ನಿಜ. ಆ ನೀರಿಗೆ ಊರು ಬಿಟ್ಟುಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಈಗ ಅದೇ ನದಿಯ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಕರೆಂಟು ಮಿಕ್ಕಾಗ ನೀರು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಡುವುದು. ಲೆಕ್ಕ ಸರಿಯಿರಬಹುದು. ಆದರೆ ಅದು ಸಿಂಗಳೀಕ ಕೋತಿಗಳ ಕಾಡು. ಪ್ರತಿ ಸಲವೂ ಶರಾವತಿ ಕಣಿವೆಯೇ ಯಾಕೆ ಕೊಡಬೇಕು ಅಂತ ಕೇಳಿದರೆ ತಪ್ಪಲ್ಲ, ಅಲ್ವಾ?

ಅಮ್ಮ ಗ್ಯಾಸ್ ತೊಟ್ಟಿಯಿಂದ ಹೊರಬಂದ ಬಗ್ಗಡವನ್ನು ಅಡಿಕೆ ಮರದ ಬುಡಕ್ಕೆ ಹೊರುತ್ತಿದ್ದಾಳೆ. ಇನ್ನೊಂದು ಬಕೆಟ್ ನಾನು ತಗೊಂಡು ಹೋಗುತ್ತೇನೆ.