ಗಲ್ಲಾಪೆಟ್ಟಿಗೆ ಪಕ್ಕದ ಕಣ್ಕಟ್ಟು: ಆರು ತಿಂಗಳ ದಿನಚರಿ

ಮೊದಲ ವಾರ

ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೊಣ ಹೊಡೆಯುವ ಹೊತ್ತು. ಮೊಬೈಲ್ ನೋಡಿ ನೋಡಿ ಬೇಜಾರಾಗಿ ನಾಣ್ಯದ ಮ್ಯಾಜಿಕ್ ಹಿಡಿದೆ. ಖರ್ಚಿಲ್ಲ. ಸಾಮಾನೆಲ್ಲ ಗಲ್ಲಾಪೆಟ್ಟಿಗೆಯಲ್ಲೇ ಇದೆ.

ಮೊದಲ ತಲೆನೋವು ನಾಣ್ಯದ್ದೇ. ವಿಡಿಯೊಗಳಲ್ಲಿ ಕಲಿಸುವವರ ಕೈಲಿ ಅಮೆರಿಕದ ಅರ್ಧ ಡಾಲರ್ ಇರುತ್ತದೆ. 30.6 ಮಿ.ಮೀ. ಅಗಲ, 11.34 ಗ್ರಾಂ ತೂಕ. ನಮ್ಮ ಈಗಿನ ಒಂದು ರೂಪಾಯಿ 20 ಮಿ.ಮೀ., ನಾಲ್ಕು ಗ್ರಾಂ ಕೂಡ ತೂಗಲ್ಲ. ಅಂಗೈಯಲ್ಲಿಟ್ಟರೆ ಅಂಗಿ ಗುಂಡಿ ಇಟ್ಟ ಹಾಗೆ. ಕೊನೆಗೆ ಕೈಗೆ ಒಗ್ಗಿದ್ದು ಹತ್ತು ರೂಪಾಯಿ: 27 ಮಿ.ಮೀ., 7.71 ಗ್ರಾಂ. ಅದಕ್ಕೇನೂ ಬರವಿಲ್ಲ. ಆಗಿದ್ದ ಎಲ್ಲ 14 ವಿನ್ಯಾಸಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೂ ನಮ್ಮ ಗಿರಾಕಿಗಳದ್ದು ಒಂದೇ ಮಾತು, "ಅಣ್ಣ, ನೋಟೇ ಕೊಡಿ." ಹಾಗಾಗಿ ಒಂದು ಡಬ್ಬದ ತುಂಬ ಹತ್ತರ ನಾಣ್ಯ ಕೂತಿವೆ. ಅದರಲ್ಲಿ ರೂಪಾಯಿ ಚಿಹ್ನೆ ಇರುವ ಒಂದೇ ಥರದವನ್ನು ಆರಿಸಿ ಎಂಟು ಎತ್ತಿಟ್ಟೆ. ನೋಡುವವರಿಗೆ ಎಲ್ಲವೂ ಒಂದೇ ನಾಣ್ಯದ ಹಾಗೆ ಕಾಣಬೇಕಲ್ಲ.

ಮೂರನೇ ವಾರ

ಕ್ಲಾಸಿಕ್ ಪಾಮ್, ಅಂದರೆ ನಾಣ್ಯವನ್ನು ಅಂಗೈಯಲ್ಲಿ ಬಚ್ಚಿಡುವುದು. ಹೆಬ್ಬೆರಳ ಬುಡದ ಉಬ್ಬು ಮತ್ತು ಅದರ ಎದುರಿನ ಮಾಂಸದ ನಡುವೆ ನಾಣ್ಯದ ಅಂಚು ಸಿಕ್ಕಿಕೊಂಡು ನಿಲ್ಲಬೇಕು. ಬೆರಳುಗಳಿಗೆ ಅದರ ಸುದ್ದಿಯೇ ಬೇಡ. ನನ್ನ ಕೈ ಮಾತ್ರ ಬಾತುಕೋಳಿ ಕಾಲಿನ ಹಾಗೆ ಸೆಟೆದುಕೊಳ್ಳುತ್ತಿತ್ತು. ನಾಣ್ಯವೇನೋ ಕಾಣುತ್ತಿರಲಿಲ್ಲ, ಆದರೆ ಅಲ್ಲೇನೋ ಇದೆ ಅಂತ ಕುರುಡನಿಗೂ ಗೊತ್ತಾಗುತ್ತಿತ್ತು.

ಇದಕ್ಕೆ ಹಳಬರು ಹೇಳುವ ಮದ್ದು ಒಂದೇ. ನಾಣ್ಯ ಅಂಗೈಯಲ್ಲಿಟ್ಟುಕೊಂಡೇ ದಿನದ ಕೆಲಸ ಮಾಡು. ಸರಿ, ಬಲಗೈಯಲ್ಲಿ ಹತ್ತು ರೂಪಾಯಿ ಕಚ್ಚಿಕೊಂಡೇ ಸಕ್ಕರೆ ಕಟ್ಟಿದೆ, ಚೀಟಿ ಬರೆದೆ, ಚಿಲ್ಲರೆ ಎಣಿಸಿದೆ. ಎರಡನೇ ದಿನ ಒಬ್ಬ ಅಜ್ಜಿಗೆ ಅರ್ಧ ಕೆಜಿ ತೊಗರಿಬೇಳೆ ತೂಗುವಾಗ ನಾಣ್ಯ ಜಾರಿ ತಕ್ಕಡಿಗೇ ಬಿತ್ತು. ಎಲೆಕ್ಟ್ರಾನಿಕ್ ತಕ್ಕಡಿ, 508 ತೋರಿಸಿತು. ಅಜ್ಜಿ ನನ್ನ ಮುಖ ನೋಡಿ, "ಏನಪ್ಪಾ, ತೂಕಕ್ಕೆ ಈಗ ದುಡ್ಡೂ ಸೇರಿಸ್ತೀಯಾ?" ಅಂದರು. ನಾಚಿಕೆಯಾಗಿ ಒಂದು ಹಿಡಿ ಬೇಳೆ ಜಾಸ್ತಿ ಹಾಕಿಕೊಟ್ಟೆ.

ಈ ವಾರ ಓದಿದ್ದರಲ್ಲಿ ಇಬ್ಬರು ಹಳೇ ಜಾದೂಗಾರರು ಇಷ್ಟವಾದರು. ಟಿ. ನೆಲ್ಸನ್ ಡೌನ್ಸ್ ಅಮೆರಿಕದ ಅಯೋವಾದಲ್ಲಿ ರೈಲ್ವೆ ಟೆಲಿಗ್ರಾಫ್ ಕೆಲಸದಲ್ಲಿದ್ದವನು. ಬಿಡುವಿನಲ್ಲಿ ನಾಣ್ಯ ತಿರುಗಿಸುತ್ತಾ ಕೈ ಪಳಗಿಸಿ, 1899ರಲ್ಲಿ ಲಂಡನ್ನಿನ ಪ್ಯಾಲೇಸ್ ಥಿಯೇಟರ್ ಹತ್ತಿದ. ಇನ್ನೊಬ್ಬರು ಸ್ಕಾಟ್ಲೆಂಡಿನ ಏರ್ ಪಟ್ಟಣದ ಜಾನ್ ರ‍್ಯಾಮ್ಸೆ. ಅವರದ್ದೂ ಕಿರಾಣಿ ಅಂಗಡಿಯೇ! ಅವತ್ತಿಂದ ಅವರನ್ನು ನಮ್ಮ ಪೈಕಿಯವರು ಅಂತಲೇ ಲೆಕ್ಕ ಇಟ್ಟುಕೊಂಡಿದ್ದೇನೆ.

ಎರಡನೇ ತಿಂಗಳು

ಫ್ರೆಂಚ್ ಡ್ರಾಪ್. ಎಡಗೈಯಿಂದ ನಾಣ್ಯ ತೆಗೆದುಕೊಂಡ ಹಾಗೆ ಮಾಡಿ, ನಿಜದಲ್ಲಿ ಅಲ್ಲೇ ಬಿಡುವುದು. ಸ್ಕೂಲ್ ಮಕ್ಕಳಿಗೂ ಗೊತ್ತಿರುವ ವಿದ್ಯೆ, ಹಾಗಾಗಿ ಗುಟ್ಟು ಬಿಟ್ಟುಕೊಟ್ಟೆ ಅಂತ ಯಾರೂ ಬಯ್ಯಬೇಡಿ. ಕನ್ನಡಿ ಮುಂದೆ ಚೆನ್ನಾಗೇ ಕಾಣುತ್ತಿತ್ತು. ತಂಗಿ ಮುಂದೆ ಮಾಡಿದರೆ ಪ್ರತಿ ಸಲ ಸಿಕ್ಕಿಬೀಳುತ್ತಿದ್ದೆ.

ಯಾಕೆ ಅಂತ ತಿಳಿಯಲು ಹೀಗೆ ಮಾಡಿದೆ. ಮೊಬೈಲನ್ನು ಅಕ್ಕಿ ಮೂಟೆಗೆ ಒರಗಿಸಿಟ್ಟು, ಹತ್ತು ಸಲ ನಾಣ್ಯವನ್ನು ನಿಜವಾಗಿಯೂ ಬಲಗೈಗೆ ತೆಗೆದುಕೊಂಡೆ. ಆಮೇಲೆ ಹತ್ತು ಸಲ ಸುಳ್ಳು. ಎರಡನ್ನೂ ನಿಧಾನಗತಿಯಲ್ಲಿ ನೋಡಿದೆ. ನಿಜವಾಗಿ ತೆಗೆದುಕೊಂಡಾಗ ನನ್ನ ಕಣ್ಣು ಬಲಗೈ ಜೊತೆಗೇ ಹೋಗುತ್ತದೆ, ಎಡಗೈ ಸುಮ್ನೆ ಕೆಳಗಿಳಿಯುತ್ತದೆ. ಸುಳ್ಳು ಹೇಳುವಾಗ ಕಣ್ಣು ಕಳ್ಳನ ಹಾಗೆ ಎಡಗೈ ಕಡೆ ಒಂದು ಸಲ ಹೊರಳಿ ಬರುತ್ತದೆ. ಬಿದ್ದಿಲ್ಲ ತಾನೇ ಅಂತ ನೋಡಿಕೊಳ್ಳಲು! ಕೈ ಮೇಲೆ ವಾರಗಟ್ಟಲೆ ಕೆಲಸ ಮಾಡಿದ್ದೆ, ಕಣ್ಣಿನ ಮೇಲೆ ಒಂದು ದಿನವೂ ಮಾಡಿರಲಿಲ್ಲ. ಜನ ಎಲ್ಲಿ ನೋಡಬೇಕೋ ಅಲ್ಲಿ ನೀನೂ ನೋಡು ಅನ್ನುವುದೇ ರ‍್ಯಾಮ್ಸೆಯವರ ಪಾಠ. ಓದಿದಾಗ ಇದೇನು ದೊಡ್ಡ ವಿಷಯ ಅನಿಸಿತ್ತು.

ಈಗ ನಿಜ ಒಂದು ಸಲ, ಸುಳ್ಳು ಒಂದು ಸಲ, ಹೀಗೆ ಬೆರೆಸಿ ದಿನಕ್ಕೆ ಐವತ್ತು ಮಾಡುತ್ತೇನೆ. ವಿಡಿಯೊ ನೋಡಿದಾಗ ಯಾವುದು ಯಾವುದು ಅಂತ ನನಗೇ ಗೊಂದಲವಾದರೆ ಪಾಸು.

ಮೂರನೇ ತಿಂಗಳು

ಅಕ್ಕನ ಮೊಮ್ಮಗುವಿನ ನಾಮಕರಣ. ಊಟವಾದ ಮೇಲೆ ಮಕ್ಕಳು ಸುತ್ತ ಕೂತರು, ನಾನು ನಿಂತು ಶುರು ಮಾಡಿದೆ. ದೊಡ್ಡವರು "ಅಬ್ಬಾ" ಅಂದರು. ಮುಂದೆ ಕೂತಿದ್ದ ಐದು ವರ್ಷದ ಹುಡುಗಿ ಮಾತ್ರ, "ಮಾಮ, ಆ ಕೈಲೇ ಇದೆ" ಅಂದಳು. ಮತ್ತೆ ಮಾಡಿದೆ. "ಈಗಲೂ ಅಲ್ಲೇ ಇದೆ." ನೆಲದ ಮೇಲೆ ಕೂತವಳಿಗೆ ನನ್ನ ಅಂಗೈಯ ಒಳಗೆಲ್ಲ ಕೆಳಗಿನಿಂದ ನೇರ ಕಾಣುತ್ತಿತ್ತು. ಮಕ್ಕಳು ಜಾಣರು ಅನ್ನುವುದು ಬೇರೆ ಮಾತು, ಇಲ್ಲಿ ತಪ್ಪು ನನ್ನ ಎತ್ತರದ್ದು. ಈಗ ಮಕ್ಕಳಿದ್ದರೆ ನಾನೂ ಚಾಪೆ ಮೇಲೇ ಕೂರುತ್ತೇನೆ.

ನಾಲ್ಕನೇ ತಿಂಗಳು

ಕೊಬ್ಬರಿ ಸೀಸನ್. ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಹೆಬ್ಬೆರಳ ಬುಡ ನೋಯುತ್ತಿತ್ತು, ರಜೆ ಕೊಟ್ಟಿದ್ದೇ ಒಳ್ಳೆಯದಾಯಿತು.

ಐದನೇ ತಿಂಗಳು

ಮೇಟ್ರಿಕ್ಸ್ ಶುರು. ಚೌಕದ ನಾಲ್ಕು ಮೂಲೆಗೆ ನಾಲ್ಕು ನಾಣ್ಯ, ಅವುಗಳ ಮೇಲೆ ಇಸ್ಪೀಟ್ ಎಲೆ. ಒಂದೊಂದಾಗಿ ಎಲ್ಲ ನಾಣ್ಯವೂ ಒಂದೇ ಎಲೆ ಕೆಳಗೆ ಬಂದು ಸೇರುತ್ತವೆ. ಅಮೆರಿಕದ ಅಲ್ ಶ್ನೈಡರ್ ಕಟ್ಟಿದ ಆಟ. ನಮ್ಮ ಮನೆಯದ್ದು ರೆಡ್ ಆಕ್ಸೈಡ್ ನೆಲ. ಅದರ ಮೇಲಿಂದ ಎಲೆಯ ಜೊತೆ ನಾಣ್ಯ ಎತ್ತಲು ಹೋದರೆ ಜಾರುತ್ತದೆ, ಇಡಲು ಹೋದರೆ ಠಣ್ ಅನ್ನುತ್ತದೆ. ಮ್ಯಾಜಿಕ್‌ನವರು ಇದಕ್ಕೆಂದೇ ಮೆತ್ತನೆ ಮ್ಯಾಟ್ ಇಟ್ಟುಕೊಂಡಿರುತ್ತಾರೆ, ಬೆಲೆಯೂ ಕಡಿಮೆಯಿಲ್ಲ. ನಾನು ಹಳೇ ಜಮಖಾನ ನಾಲ್ಕು ಮಡಿಕೆ ಮಡಿಸಿ ಹಾಸಿದೆ. ಒತ್ತಿದರೆ ನಾಣ್ಯದ ಒಂದು ಅಂಚು ತಾನಾಗಿ ಮೇಲೇಳುತ್ತದೆ, ಬೆರಳಿಗೆ ಸಿಗುತ್ತದೆ. ಸದ್ದೂ ಇಲ್ಲ. ಮನೇಲಿ ಇಸ್ಪೀಟ್ ಎಲೆ ನೋಡಿ ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು, ಅದೊಂದೇ ನಷ್ಟ.

ಆರನೇ ತಿಂಗಳು

ಎಡಗೈಯ ಮೂರು ನಾಣ್ಯ ಒಂದೊಂದಾಗಿ ಬಲಗೈಗೆ ಹಾರಿಹೋಗುವ ಆಟ ಕಟ್ಟುತ್ತಿದ್ದೇನೆ. ಅದರ ಲೆಕ್ಕ ಮಾತ್ರ ಇಲ್ಲಿ ಬರೆಯಲ್ಲ. ತೊಂದರೆ ಏನೆಂದರೆ, ಒಂದೇ ಕೈಯಲ್ಲಿ ಎರಡು ಹತ್ತರ ನಾಣ್ಯ ಸೇರಿದರೆ ಮಾತಾಡುತ್ತವೆ. ಸಣ್ಣ ಕಿಣ್ ಸಾಕು, ಕೆಲಸ ಕೆಡಲು.

ಆಗ ನೆನಪಾಗಿದ್ದು ದೇವರ ಮನೆ. ಲಕ್ಷ್ಮಿ ಪೂಜೆಗೆ ಇಡುವ ಹಳೇ ಬೆಳ್ಳಿ ರೂಪಾಯಿ ನಮ್ಮಲ್ಲಿ ನಾಲ್ಕಿವೆ, ವಿಕ್ಟೋರಿಯಾ ರಾಣಿ ಮುಖದವು. ಅಳೆದು ನೋಡಿದೆ. ಅಗಲ ಮೂವತ್ತು ಮಿ.ಮೀ. ದಾಟುತ್ತದೆ. ಅಚ್ಚಾದಾಗಿನ ತೂಕ 11.66 ಗ್ರಾಂ. ಹೆಚ್ಚುಕಡಿಮೆ ಅದೇ ಅರ್ಧ ಡಾಲರ್! ಆರು ತಿಂಗಳಿಂದ ಹುಡುಕುತ್ತಿದ್ದ ನಾಣ್ಯಕ್ಕೆ ಅಮ್ಮ ದಿನಾ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಸವೆದು ಸವೆದು ನುಣ್ಣಗಾಗಿರುವುದರಿಂದ ಒಂದರ ಮೇಲೊಂದು ಬೆಣ್ಣೆ ಹಾಗೆ ಜಾರುತ್ತವೆ, ಸದ್ದು ಮಾಡಲ್ಲ.

ಕೇಳಿದರೆ ಅಮ್ಮ ಒಪ್ಪಲಿಲ್ಲ. ಜಮಖಾನ ಹಾಸಿ, ಹತ್ತರ ನಾಣ್ಯದಲ್ಲೇ ಮೇಟ್ರಿಕ್ಸ್ ಮಾಡಿ ತೋರಿಸಿದೆ. ಕೊನೆಯ ಎಲೆ ಎತ್ತಿದಾಗ ಅವರು ನಾಣ್ಯ ನೋಡಲಿಲ್ಲ, ನನ್ನ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಒಳಗೆ ಹೋಗಿ ಬೆಳ್ಳಿ ರೂಪಾಯಿ ತಂದು ಎಣಿಸಿ ಕೊಟ್ಟರು. "ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ನಾಲ್ಕಕ್ಕೆ ನಾಲ್ಕೂ ಇಲ್ಲಿರಬೇಕು. ಮಾಯ ಆಯ್ತು ಅಂತೇನಾದ್ರೂ ಅಂದ್ರೆ ನೋಡು."

ಹಬ್ಬಕ್ಕೆ ಇನ್ನು ಹನ್ನೊಂದು ದಿನ ಇದೆ. ಮೂರರಲ್ಲಿ ಎರಡನೇ ನಾಣ್ಯ ಹಾರುವಾಗ ಎಡಗೈ ಇನ್ನೂ ಸ್ವಲ್ಪ ಸೆಟೆಯುತ್ತದೆ.